ಬಿಳಿಯದೋ, ಹಳದಿಯದೋ

ಹ್ಯಾಂಗರಿನ ಬಾಗಿಲು ಪೂರ್ತಿ ಸರಿಯುವ ಮೊದಲೇ ದಲ್ಲಾಳಿ ಮಾತು ಶುರುಮಾಡಿದ್ದ. ಒಳಗೆ ಎರಡು ವಿಮಾನಗಳು ಅಕ್ಕಪಕ್ಕ ನಿಂತಿದ್ದವು. ಒಂದು ಬಿಳಿಯದು. ಆಗತಾನೇ ಬಣ್ಣ ಬಳಿದು, ಮೂಗಿನಿಂದ ಬಾಲದವರೆಗೆ ನೀಲಿ ಗೆರೆ ಎಳೆದು, ಮದುವಣಗಿತ್ತಿಯ ಹಾಗೆ ಸಿಂಗರಿಸಿ ನಿಲ್ಲಿಸಿದ್ದರು. ಇನ್ನೊಂದು ಹಳದಿಯದು. ಅದರ ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು, ಎಂಜಿನ್ನುಗಳ ಹಿಂದೆ ಎಣ್ಣೆ ಹರಿದು ಕಪ್ಪಾಗಿತ್ತು, ಕೆಳಗೆ ಒಂದು ತಗಡಿನ ತಟ್ಟೆ ಇಟ್ಟಿದ್ದರು. ಎರಡಕ್ಕೂ ವಯಸ್ಸು ನಲವತ್ತು ದಾಟಿತ್ತು. ಎರಡಕ್ಕೂ ಎರಡೆರಡು ಎಂಜಿನ್, ನೆತ್ತಿಯ ಮೇಲೆ ರೆಕ್ಕೆ, ಮಡಚಲಾಗದ ಗಟ್ಟಿ ಗಾಲಿ.

"ಮೊದಲು ಬಿಳೀದನ್ನ ಹತ್ತಿ ನೋಡಿ ಮೇಡಂ. ಒಳಗೆಲ್ಲ ಹೊಸ ಸೀಟು. ಅಂಗಡಿ ವಾಸನೆ ಕೂಡ ಹೋಗಿಲ್ಲ."

"ಸೀಟು ಹಾರಲ್ಲ," ಅಂದಳು ಕ್ಯಾಪ್ಟನಮ್ಮ.

ಅದು ಅವಳ ಹೆಸರಲ್ಲ. ಅವಳ ಅಪ್ಪ ಕಟ್ಟಿದ ಸಣ್ಣ ವಿಮಾನ ಕಂಪನಿಯಲ್ಲಿ ಸಾಮಾನು ಹೊರುವವರಿಂದ ಹಿಡಿದು ಮೆಕ್ಯಾನಿಕ್‌ವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಆಫೀಸು ನೋಡಿಕೊಂಡ, ಇವಳು ವಿಮಾನ ಹಾರಿಸಿದಳು. ಬೆಟ್ಟದ ಮೇಲಿನ ಮೂರು ಊರುಗಳಿಗೆ ಔಷಧಿ, ಟಪಾಲು, ಮೇಷ್ಟರುಗಳು, ಗ್ಯಾಸ್ ಸಿಲಿಂಡರ್ ಒಯ್ಯುವುದು, ಬರುವಾಗ ಕಾಯಿಲೆಯವರನ್ನೂ ಬಸುರಿಯರನ್ನೂ ಕರೆತರುವುದು ಅವರ ಕೆಲಸ. ಆ ಊರುಗಳಿಗೆ ರಸ್ತೆಯಿಲ್ಲ, ನಡೆದರೆ ಎರಡು ದಿನ. ತೀರಾ ಮೇಲಿನ ಊರಿನ ರನ್‌ವೇ ಅಂದರೆ ನಾನೂರ ಇಪ್ಪತ್ತು ಮೀಟರ್ ಉದ್ದದ ಹುಲ್ಲಿನ ಪಟ್ಟಿ, ಅದೂ ಇಳಿಜಾರು. ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ಪ್ರಪಾತ. ಏರುಮುಖವಾಗಿ ಇಳಿಯಬೇಕು, ಇಳಿಮುಖವಾಗಿ ಏರಬೇಕು. ಒಂದು ಸಲ ಇಳಿಯಲು ಮನಸ್ಸು ಮಾಡಿದರೆ ಮತ್ತೆ ಮೇಲೆದ್ದು ಸುತ್ತುಹಾಕಿ ಬರುವ ಮಾತಿಲ್ಲ.

ಎರಡು ತಿಂಗಳ ಹಿಂದೆ ಅವರ ಹಳೆಯ ವಿಮಾನದ ನೆಲ ಬಿಚ್ಚಿದಾಗ ಅಡಿಯ ಪಟ್ಟಿಗಳೆಲ್ಲ ತುಕ್ಕು ತಿಂದು ಜಾಲರಿಯಾಗಿದ್ದವು. ಅಂದೇ ಅದನ್ನು ಮೂಲೆಗೆ ತಳ್ಳಿದರು. ಅಂದಿನಿಂದ ಮೂರು ಊರೂ ಕೈಕಟ್ಟಿ ಕೂತಿದ್ದವು. ಆಸ್ಪತ್ರೆಯವರು ದಿನಾ ಅಣ್ಣನಿಗೆ ಫೋನ್ ಮಾಡುತ್ತಿದ್ದರು. ಅಣ್ಣ ಅಲ್ಲಿ ಇಲ್ಲಿ ವಿಚಾರಿಸಿ ಈ ದಲ್ಲಾಳಿಯನ್ನು ಹುಡುಕಿದ. ಎರಡರಲ್ಲಿ ಒಂದನ್ನು ಆರಿಸಿ ಬಾ ಎಂದು ತಂಗಿಯನ್ನೂ ಮೇಸ್ತ್ರಿಯನ್ನೂ ಕಳಿಸಿದ.

ಮೇಸ್ತ್ರಿ ಎಂದರೆ ಅವರ ಹಿರಿಯ ಮೆಕ್ಯಾನಿಕ್. ಅರವತ್ತೊಂದು ವರ್ಷ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಹದಿನೇಳು ವರ್ಷಗಳಿಂದ ಅವರು ಸಹಿ ಹಾಕಿದ ಮೇಲೆಯೇ ಕ್ಯಾಪ್ಟನಮ್ಮ ನೆಲ ಬಿಟ್ಟದ್ದು. ಮಾತು ಕಡಿಮೆ. ಎಂಜಿನ್ ಸದ್ದು ಕೇಳಿ ಕಾಯಿಲೆ ಹೇಳುವ ಮನುಷ್ಯ.

ಆ ದಿನ ಮಾತ್ರ ಅವರು ವಿಚಿತ್ರವಾಗಿದ್ದರು. ಬಿಳಿ ವಿಮಾನದ ಎಡರೆಕ್ಕೆಯ ಕೆಳಗೆ ಹೋಗಿ, ರೆಕ್ಕೆ ಒಡಲಿಗೆ ಸೇರುವ ಜಾಗದಲ್ಲಿ ಒಂದು ಕ್ಷಣ ತಲೆಯೆತ್ತಿ ನಿಂತರು. ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಳದಿಯದರ ಸುತ್ತ ಎರಡು ಗಂಟೆ ತೆವಳಿ, ಕೈ ಒರೆಸಿಕೊಳ್ಳುತ್ತಾ ಬಂದು, "ಹಳದೀದೇ ತಗೊಳ್ಳೋಣ ಕ್ಯಾಪ್ಟನಮ್ಮ," ಅಂದರು.

"ಯಾಕೆ?"

"ಮೋಡದಲ್ಲಿ ಎದ್ದು ಕಾಣುತ್ತೆ."

ಅವಳು ಅವರ ಮುಖವನ್ನೇ ನೋಡಿದಳು. "ಬಣ್ಣ ನೋಡಿ ಆರಿಸೋಕೆ ನಾವೇನು ಬಟ್ಟೆ ಅಂಗಡಿಗೆ ಬಂದಿದ್ದೀವಾ ಮೇಸ್ತ್ರಿ?"

"ಬಾಗಿಲೂ ಅಗಲ ಇದೆ. ಸ್ಟ್ರೆಚರ್ ಸಲೀಸಾಗಿ ಹೋಗುತ್ತೆ."

ಬಿಳಿಯದರ ಬಾಗಿಲು ಇನ್ನೂ ಅಗಲವಿತ್ತು. ಅದು ಅವರಿಗೆ ಕಾಣಲಿಲ್ಲ ಅಂದರೆ ಯಾರು ನಂಬಬೇಕು?

ಕಾಗದದ ಮೇಲೆ ನೋಡಿದರೆ ಚರ್ಚೆಗೇ ಜಾಗವಿರಲಿಲ್ಲ. ಬಿಳಿಯದಕ್ಕಿದ್ದದ್ದು ಟರ್ಬೈನ್ ಎಂಜಿನ್, ದೊಡ್ಡ ವಿಮಾನಗಳ ಇಂಧನವನ್ನೇ ಕುಡಿಯುವಂಥದ್ದು, ಎಲ್ಲ ಕಡೆ ಸಿಗುತ್ತದೆ. ಹದಿನೆಂಟು ಜನ ಕೂರಬಹುದು. ಹಾರುವಾಗ ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದ ಮೇಲೆ ಗುಡ್ಡ ದಾಟುತ್ತದೆ. ಹಳದಿಯದು ಒಂಬತ್ತು ಜನರದು, ಹಳೆ ಕಾಲದ ಪೆಟ್ರೋಲ್ ಎಂಜಿನ್. ಆ ಪೆಟ್ರೋಲನ್ನು ಪೀಪಾಯಿಗಳಲ್ಲಿ ತರಿಸಬೇಕು. ಬೆಟ್ಟದ ತೆಳುಗಾಳಿಯಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ಬರೀ ಸಮಾಧಾನ ಹೇಳುತ್ತದೆ, ಅಷ್ಟೇ. ಇದೆಲ್ಲ ಅವಳಿಗೆ ಗೊತ್ತಿತ್ತು. ಮೇಸ್ತ್ರಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಹ್ಯಾಂಗರಿನ ಹಿಂಬದಿಯ ನಲ್ಲಿಗೆ ಹೋದಾಗ, ಇಂಧನದ ಪೀಪಾಯಿಗಳ ಆಚೆ ಅವಳಿಗೆ ದಲ್ಲಾಳಿಯೂ ಮೇಸ್ತ್ರಿಯೂ ಕಂಡರು. ದಲ್ಲಾಳಿಯ ಕೈಯಲ್ಲಿ ಕೆಂಪು ರಟ್ಟಿನ ಹಳೆಯ ಲಾಗ್‌ಬುಕ್ ತೆರೆದಿತ್ತು. ವಿಮಾನದ ಜಾತಕವೆಲ್ಲ ಅದರಲ್ಲಿರುತ್ತದೆ: ಎಷ್ಟು ಹಾರಿತು, ಎಲ್ಲಿ ಕೆಟ್ಟಿತು, ಯಾರು ಸರಿ ಮಾಡಿದರು. ಅವನ ಬೆರಳು ಒಂದು ಸಾಲಿನ ಮೇಲಿತ್ತು. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. ದಲ್ಲಾಳಿ ಪುಸ್ತಕ ಮುಚ್ಚಿ, ಅವರ ಭುಜ ತಟ್ಟಿ, ಏನೋ ಹೇಳಿ ನಕ್ಕ. ಮೇಸ್ತ್ರಿ ನಗಲಿಲ್ಲ.

ಅವಳು ಹತ್ತಿರ ಹೋಗುವಷ್ಟರಲ್ಲಿ ದಲ್ಲಾಳಿ ಜಾಗ ಖಾಲಿ ಮಾಡಿದ್ದ.

"ಏನು ಮಾತು?"

"ಏನಿಲ್ಲ. ಟೈರ್ ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದೆ."

ಇಷ್ಟು ವರ್ಷಗಳಲ್ಲಿ ಈ ಮನುಷ್ಯ ತನಗೆ ಸುಳ್ಳು ಹೇಳುವುದನ್ನು ಅವಳು ಕಂಡಿರಲಿಲ್ಲ. ಅಥವಾ ಹೇಳಿದ್ದು ತನಗೆ ಗೊತ್ತೇ ಆಗಿರಲಿಲ್ಲವೇನೋ. ಆ ಎರಡನೆಯ ಯೋಚನೆ ಬಂದದ್ದೇ ತಡ, ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು.

ಸಂಜೆ ಅತಿಥಿಗೃಹದ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿದಳು.

"ಮೇಸ್ತ್ರಿಗೂ ಈ ದಲ್ಲಾಳಿಗೂ ಮೊದಲೇ ಪರಿಚಯ ಇತ್ತಾ ಅಣ್ಣ?"

"ನನಗೇನು ಗೊತ್ತು ಪುಟ್ಟಿ. ಯಾಕೆ?"

"ಇಬ್ಬರೂ ಗುಟ್ಟಾಗಿ ಮಾತಾಡ್ತಿದ್ರು. ಮೇಸ್ತ್ರಿ ಹಳದೀದೇ ಬೇಕು ಅಂತ ಹಟ ಹಿಡಿದಿದ್ದಾರೆ. ಕಾರಣ ಕೇಳಿದ್ರೆ ಮಕ್ಕಳ ಥರ ಏನೇನೋ ಹೇಳ್ತಾರೆ."

"ಹಳದೀದು ಯಾಕೆ? ಬಿಳೀದು ಅಂತ ನಾನು ಹೇಳಿಯಾಗಿದೆಯಲ್ಲ."

"ಯಾರಿಗೆ ಹೇಳಿಯಾಗಿದೆ?"

ಅಣ್ಣ ದನಿ ತಗ್ಗಿಸಿದ. "ಹೆಚ್ಚು ಕಮ್ಮಿ ಅದೇ ಅಂತ ದಲ್ಲಾಳಿ ಹತ್ರ ಅಂದಿದ್ದೆ. ಫೋಟೋ ಕಳಿಸಿದ್ದ. ನೀನು ಎಲ್ಲದಕ್ಕೂ ಅನುಮಾನ ಪಡಬೇಡ ಮಾರಾಯ್ತಿ. ಮೇಲಿನ ಊರಿಂದ ನಿನ್ನೆ ಒಬ್ಬ ಬಾಣಂತೀನ ಡೋಲಿಯಲ್ಲಿ ಹೊತ್ಕೊಂಡು ಇಳಿಸಿದ್ದಾರೆ. ಇನ್ನೆಷ್ಟು ದಿನ ಅಂತ ತಳ್ಳೋದು?"

ಫೋನ್ ಇಟ್ಟಮೇಲೂ ಅವಳು ಅಲ್ಲಿಂದ ಏಳಲಿಲ್ಲ. ಅಣ್ಣ ನೋಡದೆಯೇ ಬಿಳಿಯದು ಅಂದಿದ್ದಾನೆ. ಮೇಸ್ತ್ರಿ ನೋಡಿದ ಮೇಲೂ ಹಳದಿಯದು ಅನ್ನುತ್ತಿದ್ದಾರೆ. ಎರಡರ ನಡುವೆ ದಲ್ಲಾಳಿ ನಗುತ್ತಿದ್ದಾನೆ. ಯಾರ ಮಾತಿನ ಮೇಲೆ ಕಾಲಿಡುವುದು?

ಬೆಳಿಗ್ಗೆ ಎರಡನ್ನೂ ಹಾರಿಸಿ ನೋಡುವುದೆಂದಾಯಿತು. ದಲ್ಲಾಳಿಯ ರನ್‌ವೇ ಎರಡು ಕಿಲೋಮೀಟರ್ ಉದ್ದವಿತ್ತು. ಅವಳು ಹೆಜ್ಜೆ ಹಾಕಿ ಅಳೆದು, ನಾನೂರ ಇಪ್ಪತ್ತು ಮೀಟರಿಗೆ ಎರಡೂ ಬದಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡಿಸಿದಳು. ಜನರ ಬದಲು ಮರಳಿನ ಮೂಟೆ ತುಂಬಿಸಿದರು.

"ಬನ್ನಿ ಮೇಸ್ತ್ರಿ, ಬಿಳೀದು ಮೊದಲು," ಅಂದಳು.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡರು. "ನಂಗ್ಯಾಕೋ ಹೊಟ್ಟೆ ಸರಿ ಇಲ್ಲ. ನೀವೂ ಜಾಸ್ತಿ ಭಾರ ಹಾಕ್ಬೇಡಿ. ಮೇಲೆ ಜೋರಾಗಿ ತಿರುಗಿಸ್ಬೇಡಿ."

"ಯಾಕೆ?"

"ಗುರುತಿಲ್ಲದ ಗಾಡಿ ಅಲ್ವಾ, ಅದಕ್ಕೆ."

ಅವರ ಹಣೆಯ ಮೇಲೆ ಬೆವರಿತ್ತು. ಅವಳು ಇನ್ನೇನೂ ಕೇಳದೆ, ಅರ್ಧ ಮೂಟೆಗಳನ್ನು ಕೆಳಗಿಳಿಸಿ, ದಲ್ಲಾಳಿಯ ಪೈಲಟನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದಳು.

ಬಿಳಿಯದು ಕೆಂಪು ಬಟ್ಟೆಗಿಂತ ಎಷ್ಟೋ ಮೊದಲೇ ನೆಲ ಬಿಟ್ಟಿತು. ಹತ್ತುವುದೂ ಹಾಗೆಯೇ, ಲಿಫ್ಟಿನಂತೆ. ಯಾವ ಪೈಲಟ್ ಆದರೂ ಮನಸೋಲಬೇಕು. ಆದರೆ ಮೇಲೆ ಹೋಗಿ ಕೈ ಬಿಟ್ಟಾಗ ವಿಮಾನ ಮೆಲ್ಲಗೆ ಎಡಕ್ಕೆ ವಾಲಿತು. ನೇರ ಮಾಡಿದಳು. ಮತ್ತೆ ಎಡಕ್ಕೇ ವಾಲಿತು, ಮಾತು ಕೇಳದ ಕತ್ತೆಯ ಹಾಗೆ.

"ಹಳೇ ಗಾಡಿಗಳೆಲ್ಲ ಹೀಗೇ ಸ್ವಲ್ಪ," ಅಂದ ಪಕ್ಕದವನು, ಕಿಟಕಿಯ ಆಚೆ ನೋಡುತ್ತಾ.

ಇಳಿದ ಮೇಲೆ ಅವಳು ಎಡಗಾಲಿಯ ಟೈರನ್ನು ಬಗ್ಗಿ ನೋಡಿದಳು. ಒಳಅಂಚು ಮಾತ್ರ ಸವೆದಿತ್ತು, ಆ ಬದಿ ಎಲ್ಲೋ ಏನೋ ಬಾಗಿರುವ ಲಕ್ಷಣ.

ಅರ್ಧ ಗಂಟೆಯ ನಂತರ ಹಳದಿಯದನ್ನು ಚಾಲೂ ಮಾಡಿದಾಗ ಯಾರೂ ಕರೆಯದೆಯೇ ಮೇಸ್ತ್ರಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡರು.

"ಹೊಟ್ಟೆ?"

"ಈಗ ಪರವಾಗಿಲ್ಲ."

ಹಳದಿಯದು ಗದ್ದಲ ಮಾಡಿತು, ನಡುಗಿತು, ಮುಕ್ಕಾಲು ಭಾರಕ್ಕೇ ಕೆಂಪು ಬಟ್ಟೆಯ ಹತ್ತಿರದವರೆಗೂ ಓಡಿ ಕಷ್ಟಪಟ್ಟು ಎದ್ದಿತು. ಮೇಲೆ ಹೋದಮೇಲೆ ಕೈ ಬಿಟ್ಟಳು. ದಾರ ಹಿಡಿದ ಹಾಗೆ ನೇರ ಹೋಯಿತು. ಮೇಸ್ತ್ರಿ ಕಿಟಕಿಗೆ ಕಿವಿಕೊಟ್ಟು ಎಂಜಿನ್ ಕೇಳುತ್ತಿದ್ದರು. ಅವಳು ಮೇಸ್ತ್ರಿಯನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಒಂದರಲ್ಲಿ ಕೂರಲು ಹೆದರಿದ ಮನುಷ್ಯ ಇನ್ನೊಂದರಲ್ಲಿ ನೆಮ್ಮದಿಯಾಗಿ ಕೂತಿದ್ದಾನೆ. ಇವರಿಗೆ ಏನೋ ಗೊತ್ತಿದೆ. ಗೊತ್ತಿದ್ದೂ ನನ್ನನ್ನು ಅದರಲ್ಲಿ ಹಾರಲು ಬಿಟ್ಟರು.

ಇಳಿದವಳೇ ನೇರ ದಲ್ಲಾಳಿಯ ಕೋಣೆಗೆ ಹೋದಳು. "ಬಿಳೀದರ ಲಾಗ್‌ಬುಕ್ ಕೊಡಿ."

ಅವನು ಹೊಸದಾಗಿ ಅಚ್ಚುಹಾಕಿದ ಹಾಳೆಗಳ ಕಟ್ಟನ್ನು ಮುಂದಿಟ್ಟ. ಎಲ್ಲ ಒಂದೇ ಅಕ್ಷರ, ಒಂದು ಗೀಚಿಲ್ಲ, ಒಂದು ಎಣ್ಣೆ ಕಲೆಯಿಲ್ಲ.

"ಇದು ನಕಲು. ಮೂಲ?"

"ಅದು ನಮ್ಮ ದೊಡ್ಡ ಆಫೀಸಲ್ಲಿದೆ ಮೇಡಂ. ತರಿಸ್ಬೇಕು."

"ನಿನ್ನೆ ಮಧ್ಯಾಹ್ನ ಪೀಪಾಯಿ ಹಿಂದೆ ನಿಮ್ಮ ಕೈಯಲ್ಲಿ ಇತ್ತಲ್ಲ, ಕೆಂಪು ರಟ್ಟಿನದು. ಅದು ಸಾಕು."

ದಲ್ಲಾಳಿಯ ನಗು ಅಲ್ಲೇ ನಿಂತಿತು. ಆಮೇಲೆ ಅವನು ಏನೋ ಲೆಕ್ಕ ಹಾಕಿದಂತೆ ತಲೆಯಾಡಿಸಿ, ಮೇಜಿನ ಖಾನೆಯಿಂದ ಪುಸ್ತಕ ತೆಗೆದು ಕೊಟ್ಟ. "ಓದಿ. ಓದಿದ್ಮೇಲೆ ನನಗಿಂತ ನಿಮಗೇ ತಲೆನೋವು ಜಾಸ್ತಿ."

ಇಪ್ಪತ್ತೆರಡು ವರ್ಷದ ಹಿಂದಿನ ಪುಟ. ಆಗ ವಿಮಾನ ಬೇರೊಂದು ಕಂಪನಿಯದು, ನೋಂದಣಿ ಸಂಖ್ಯೆಯೂ ಬೇರೆ. 'ಇಳಿಯುವಾಗ ನೆಲಕ್ಕೆ ಜೋರಾಗಿ ಬಡಿದಿದೆ. ಎಡರೆಕ್ಕೆಯ ಬುಡ ಪರೀಕ್ಷಿಸಲಾಯಿತು. ಹಾನಿಯಿಲ್ಲ.' ಕೆಳಗೆ ಸಹಿ. ಕೊನೆಯಲ್ಲಿ ಮೀನಿನ ಗಾಳದ ಹಾಗೆ ಮೇಲಕ್ಕೆ ಬಾಗಿದ ಉದ್ದ ಗೆರೆ. ಆ ಸಹಿಯನ್ನು ಅವಳು ಹದಿನೇಳು ವರ್ಷ ಪ್ರತಿ ಬೆಳಿಗ್ಗೆ ನೋಡಿದ್ದಳು.

ಮೇಸ್ತ್ರಿ ಉಪಕರಣದ ಕೋಣೆಯಲ್ಲಿ ಹಳದಿಯದರ ಎಣ್ಣೆ ಫಿಲ್ಟರನ್ನು ತೊಳೆಯುತ್ತಿದ್ದರು. ಅವಳು ಪುಸ್ತಕವನ್ನು ತೆರೆದೇ ಅವರ ಮುಂದಿಟ್ಟಳು. ಅವರು ಅದನ್ನು ನೋಡಲಿಲ್ಲ. ಫಿಲ್ಟರನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟು, ಸ್ಟೂಲಿನ ಮೇಲೆ ಕುಸಿದರು.

"ಹಾನಿ ಇತ್ತು," ಅಂದರು. "ರೆಕ್ಕೆ ಬುಡದ ಲೋಹದ ತುಂಡು ಬಾಗಿತ್ತು. ಬಿಚ್ಚಿ ಹೊಸದು ಹಾಕ್ಬೇಕಿತ್ತು. ಮೂರು ತಿಂಗಳ ಕೆಲಸ. ಆಗಿನ ಯಜಮಾನರು, ನಾಳೆ ವಿಮಾನ ಹೋಗ್ಬೇಕು, ಇಲ್ಲದಿದ್ರೆ ನೀನು ಹೋಗು ಅಂದ್ರು. ಮೇಲೆ ಒಂದು ತಗಡು ಇಟ್ಟು ರಿವೆಟ್ ಹೊಡೆದೆ. ಸಹಿ ಹಾಕ್ದೆ. ತಿಂಗಳಾಗೋದ್ರೊಳಗೆ ಕೆಲಸ ಬಿಟ್ಟೆ. ಅದು ಎಲ್ಲೋ ಗುಜರಿಗೆ ಹೋಗಿರತ್ತೆ ಅಂದ್ಕೊಂಡಿದ್ದೆ. ನಿನ್ನೆ ಕೆಳಗೆ ನಿಂತು ನೋಡಿದ್ರೆ, ಹೊರಗಿನ ಬಣ್ಣದ ಅಡಿ ನನ್ನದೇ ರಿವೆಟ್ ತಲೆಗಳ ಸಾಲು."

"ದಲ್ಲಾಳಿಗೆ ಹೇಗೆ ಗೊತ್ತಾಯ್ತು?"

"ಗೇಟಿನ ರಿಜಿಸ್ಟರಲ್ಲಿ ಸಹಿ ಮಾಡಿದ್ನಲ್ಲ. ಅವನು ಪುಸ್ತಕ ಓದಿದೋನು, ಬಣ್ಣ ಬಳಿಸುವಾಗ ರಿವೆಟ್ ಸಾಲೂ ಕಂಡಿರ್ಬೇಕು, ಹೊಂದಿಸಿ ನೋಡಿದ್ದಾನೆ. ನೀನು ಬಾಯಿ ಬಿಟ್ರೆ ನಿನ್ನ ಲೈಸೆನ್ಸೇ ಹೋಗೋದು ಅಂದ."

"ನನಗೆ ಯಾಕೆ ಹೇಳ್ಲಿಲ್ಲ?"

ಮೇಸ್ತ್ರಿ ಫಿಲ್ಟರನ್ನು ಬಟ್ಟೆಯಲ್ಲಿ ಸುತ್ತಿಟ್ಟರು. "ಹೇಳಿದ್ರೆ ನೀವು ಮುಂದೆ ಏನು ಕೇಳ್ತೀರಿ ಅಂತ ಗೊತ್ತಿತ್ತು. ನಮ್ಮ ವಿಮಾನಕ್ಕೆ ಹಾಕಿದ ಸಹಿಗಳಲ್ಲಿ ಎಷ್ಟು ಸುಳ್ಳು ಅಂತ."

"ಎಷ್ಟು?"

"ಒಂದೂ ಇಲ್ಲ."

ಅವಳಿಗೆ ನಂಬಲೂ ಆಗಲಿಲ್ಲ, ನಂಬದಿರಲೂ ಆಗಲಿಲ್ಲ. "ನಾನು ಬಿಳೀದೇ ತಗೋತೀನಿ ಅಂದಿದ್ರೆ?"

"ಹೇಳ್ತಿದ್ದೆ ಅಂತ ಅಂದ್ಕೊಂಡಿದ್ದೀನಿ."

"ಅಂದ್ಕೊಂಡಿದ್ದೀರಿ. ಬೆಳಿಗ್ಗೆ ಅದರಲ್ಲಿ ನಾನು ಹಾರಿದೆ ಮೇಸ್ತ್ರಿ. ನೀವು ಕೆಳಗೆ ನಿಂತು ನೋಡಿದ್ರಿ."

 ಮೇಸ್ತ್ರಿ ಕಣ್ಣು ಒರೆಸಿಕೊಂಡಾಗ ಕೈಯ ಎಣ್ಣೆ ಕೆನ್ನೆಗೆ ಹತ್ತಿತು.

ಅವಳು ತನ್ನ ಫೋನ್ ತೆಗೆದು, ವಿಮಾನಯಾನ ಇಲಾಖೆಯ ನಂಬರ್ ಒತ್ತಿ, ಅವರ ಕೈಗೆ ಕೊಟ್ಟಳು. "ನೀವೇ ಹೇಳಿ. ಎಲ್ಲ ಹೇಳಿ." ಅವರು ಹೇಳಿದರು. ದಿನಾಂಕ, ನೋಂದಣಿ ಸಂಖ್ಯೆ, ತಮ್ಮ ಲೈಸೆನ್ಸ್ ಸಂಖ್ಯೆ, ತಗಡಿನ ಅಳತೆ, ಎಲ್ಲವನ್ನೂ ಹೇಳಿದರು. ಮಾತು ಮುಗಿಯುವವರೆಗೂ ಅವಳು ಬಾಗಿಲಿಗೆ ಒರಗಿ ಪ್ರತಿ ಶಬ್ದವನ್ನೂ ಕೇಳಿಸಿಕೊಂಡಳು.

ಮೂರನೆಯ ದಿನ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು, ಅವತ್ತೇ ಅಣ್ಣನೂ ಬಂದ. ರೆಕ್ಕೆ ಬುಡದ ಮುಚ್ಚಳ ತೆಗೆಯಬೇಕೆಂದಾಗ ದಲ್ಲಾಳಿ, "ಹೊಸ ಬಣ್ಣ ಹಾಳಾಗುತ್ತೆ," ಅಂದ. ಇನ್ಸ್‌ಪೆಕ್ಟರ್ ಕೇಳಿಸದವರಂತೆ ಸ್ಕ್ರೂಡ್ರೈವರಿಗೆ ಕೈ ಚಾಚಿದರು. ಒಳಗೆ ತಗಡು ಇತ್ತು, ಮೇಸ್ತ್ರಿ ಹೇಳಿದ ಅಳತೆಯದೇ. ಅದರ ಅಂಚಿಗೆ ಬಿರುಕು ಹುಡುಕುವ ಕೆಂಪು ದ್ರವ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿ ಎಲ್ಲರೂ ಕಾದರು. ನಿಧಾನವಾಗಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು. ತಗಡಿನ ಅಡಿಯಿಂದ ಹೊರಟು, ಬೆರಳುದ್ದ ಬಂದು ನಿಂತಿತು.

"ನನಗೆ ಇದೇನೂ ಗೊತ್ತಿರಲಿಲ್ಲ ಸಾರ್," ಅಂದ ದಲ್ಲಾಳಿ.

"ಮೊನ್ನೆ ನೀವೇ ಪುಸ್ತಕದಲ್ಲಿ ಆ ಸಾಲು ತೋರಿಸಿದ್ರಿ," ಅಂದರು ಮೇಸ್ತ್ರಿ, ಮೆಲ್ಲಗೆ.

ಇನ್ಸ್‌ಪೆಕ್ಟರ್ ವಿಮಾನದ ಬಾಗಿಲಿಗೆ ಮೊಹರು ಹಾಕಿದರು. ಅಣ್ಣ ಹೊರಗೆ ಬಂದು ತಂಗಿಯ ಪಕ್ಕ ನಿಂತ. "ಫೋಟೋ ನೋಡಿ ಮರುಳಾದೆ ಪುಟ್ಟಿ," ಅಂದ.   ಎರಡು ರಾತ್ರಿ ಅವನ ಮೇಲೂ ಅವಳಿಗೆ ಏನೇನೋ ಅನುಮಾನ ಬಂದುಹೋಗಿತ್ತು. ಅದನ್ನು ಅವಳು ಅವನಿಗೆ ಹೇಳಲಿಲ್ಲ.

"ಹಾಗಾದ್ರೆ ಹಳದೀದು ತಾನೇ?" ಅಂದ ಅಣ್ಣ.

"ಇರು. ಅದನ್ನ ಒಳ್ಳೇದು ಅಂದಿದ್ದು ಯಾರು? ಮೇಸ್ತ್ರಿ ತಾನೇ."

ಪರಿಚಯವೇ ಇಲ್ಲದ ಇಬ್ಬರು ಮೆಕ್ಯಾನಿಕ್‌ಗಳನ್ನು ಬೇರೆ ಊರಿಂದ ಕರೆಸಿದಳು. ಅವರು ನಾಲ್ಕು ದಿನ ಹಳದಿಯದರ ನೆಲ, ಬಾಲ, ರೆಕ್ಕೆ ಎಲ್ಲ ಬಿಚ್ಚಿ ಹರಡಿದರು. ಮೇಸ್ತ್ರಿಗೆ ಹತ್ತಿರ ಬರಬೇಡಿ ಎಂದು ಹೇಳಿದ್ದಳು. ಅವರು ಹೊರಗೆ ಬೇಲಿಯ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದರು. ಬಲ ಎಂಜಿನ್ನಿನ ಎರಡು ಸಿಲಿಂಡರ್ ಸೋತಿದ್ದವು, ರಬ್ಬರ್ ಕೊಳವೆಗಳು ಒಣಗಿ ಬಿರಿದಿದ್ದವು, ಬ್ರೇಕ್ ಮುಗಿದಿತ್ತು. ಮುಚ್ಚಿಟ್ಟದ್ದು ಒಂದೂ ಸಿಗಲಿಲ್ಲ. ಪುಸ್ತಕದಲ್ಲಿ ಬರೆದದ್ದೇ ವಿಮಾನದಲ್ಲಿತ್ತು. ದಲ್ಲಾಳಿಯನ್ನು ಬಿಟ್ಟು, ಅದರ ನಿಜವಾದ ಮಾಲೀಕರನ್ನೇ ಹುಡುಕಿ ಅಣ್ಣ ಖರೀದಿ ಮುಗಿಸಿದ.

ಇಲಾಖೆ ಮೇಸ್ತ್ರಿಯ ಲೈಸೆನ್ಸನ್ನು ತಡೆಹಿಡಿಯಿತು, ವಿಚಾರಣೆ ಮುಗಿಯುವವರೆಗೆ. ಅವರು ಮನೆಗೆ ಹೋಗಲು ಚೀಲ ಕಟ್ಟಿದ್ದರು. ಕ್ಯಾಪ್ಟನಮ್ಮನೇ ಹೋಗಿ, ಸಹಿ ಹಾಕಲು ಬೇರೆಯವರು ಬರುತ್ತಾರೆ, ಅವರ ಕೈಕೆಳಗೆ ಕೆಲಸ ಮಾಡುವುದಾದರೆ ಮಾಡಿ ಎಂದಳು. ಅವರು ಚೀಲ ಕೆಳಗಿಟ್ಟರು.

ಐದು ವಾರದ ಮೇಲೆ ಹಳದಿ ವಿಮಾನ ಮೇಲಿನ ಊರಿಗೆ ಮೊದಲ ಸಲ ಹೋಯಿತು. ಮೊದಲು ಒಂದು ಸಲಕ್ಕೆ ಒಯ್ಯುತ್ತಿದ್ದುದನ್ನು ಈಗ ಎರಡು ಸಲಕ್ಕೆ ಒಯ್ಯಬೇಕು. ಮೊದಲ ಸುತ್ತಿಗೆ ಔಷಧಿಯ ಪೆಟ್ಟಿಗೆಗಳು ಮತ್ತು ನರ್ಸ್. ಗುಡ್ಡ ಎದುರಿಗೆ ದೊಡ್ಡದಾಗುತ್ತಾ ಬಂತು. ಹುಲ್ಲಿನ ಅಂಚಿಗೇ ಗಾಲಿ ತಾಗಿಸಿ, ಏರಿನಲ್ಲಿ ಓಡಿಸಿ, ಪಟ್ಟಿ ಮುಗಿಯಲು ಇನ್ನೂ ಅರವತ್ತು ಹೆಜ್ಜೆ ಇರುವಾಗ ನಿಲ್ಲಿಸಿದಳು. ಜನ ಮನೆಗಳಿಂದ ಇಳಿದು ಬರುತ್ತಿದ್ದರು. ನರ್ಸ್ ಸೀಟಿನ ಕೈ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

ಸಂಜೆ ವಾಪಸ್ ಬಂದಾಗ ಮೇಸ್ತ್ರಿ ಹ್ಯಾಂಗರಿನ ಬಾಗಿಲಲ್ಲಿ ಕಾಯುತ್ತಿದ್ದರು.

"ಎಡ ಎಂಜಿನ್ ಎಣ್ಣೆ ಒತ್ತಡ?"

"ಹತ್ತುವಾಗ ಸ್ವಲ್ಪ ಇಳೀತು. ಆಮೇಲೆ ಸರಿಹೋಯ್ತು."

ಅವರು ಏಣಿ ತಂದರು. ಹತ್ತುವ ಮುಂಚೆ ನಿಂತು, ಅವಳ ಕಡೆ ನೋಡದೆ ಕೇಳಿದರು: "ನನ್ನ ಮೇಲೆ ಈಗ ನಂಬಿಕೆ ಇದೆಯಾ ಕ್ಯಾಪ್ಟನಮ್ಮ?"

ಅವಳು ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡಳು. ಸುಳ್ಳು ಹೇಳಬಹುದಿತ್ತು. "ನಿಮ್ಮ ಕೈ ಮೇಲೆ ಇದೆ," ಅಂದಳು. "ಬಾಯಿ ಮೇಲೆ ಇನ್ನೂ ಬಂದಿಲ್ಲ."

ಮೇಸ್ತ್ರಿ ತಲೆಯಾಡಿಸಿದರು. ಏಣಿ ಹತ್ತಿ, ಎಂಜಿನ್ನಿನ ಮುಚ್ಚಳ ಬಿಚ್ಚಿ, ಕಂಡದ್ದನ್ನೆಲ್ಲ ಒಂದೊಂದಾಗಿ ಜೋರಾಗಿ ಹೇಳತೊಡಗಿದರು: ಈ ನಟ್ಟು ಬಿಗಿ ಇದೆ, ಈ ಕೊಳವೆ ಒಣಗಿದೆ, ಇಲ್ಲಿ ಒಂದು ಹನಿ ಜಿನುಗ್ತಿದೆ. ಅವಳು ಕೆಳಗೆ ನಿಂತು, ಮುಚ್ಚಳ ಮತ್ತೆ ಹಾಕುವವರೆಗೂ ಕೇಳಿಸಿಕೊಂಡಳು.